ಸಣ್ಣ ಒಲೆಗೆ ಕಾಮಾಲೆ

ನಮ್ಮ ಮನೆಯವರು ಯಾವುದನ್ನೂ ಅರ್ಧಕ್ಕೆ ನಿಲ್ಲಿಸುವವರಲ್ಲ, ಬೇರೆಯವರ ಮಾತು ಕೇಳುವುದೊಂದನ್ನು ಬಿಟ್ಟು. ಅದನ್ನು ಮಾತ್ರ ಅರ್ಧಕ್ಕೇ ಬಿಟ್ಟು ಎದ್ದುಬಿಡುತ್ತಾರೆ. ಅತ್ತೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ ದಿನ ಆದದ್ದೂ ಅದೇ. "ರಕ್ತದೊತ್ತಡ ತುಸು ಜಾಸ್ತಿ ಇದೆ, ಉಪ್ಪು..." ಎಂದು ಡಾಕ್ಟರು ಇನ್ನೂ ಹೇಳುತ್ತಿದ್ದ ಹಾಗೆಯೇ ಇವರು ಚೀಟಿ ಮಡಚಿ ಜೇಬಿಗಿಟ್ಟು, ಅಮ್ಮನ ಕೈ ಹಿಡಿದು ಹೊರಟುಬಂದಿದ್ದರು. ಮನೆಗೆ ಬಂದವರೇ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನುಗ್ಗಿ ಉಪ್ಪಿನ ಜಾಡಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

"ರೀ, ಎಲ್ಲಿಗೆ ಅದು?"

"ಎದುರುಮನೆಗೆ. ಇವತ್ತಿಂದ ನಮ್ಮ ಮನೇಲಿ ಉಪ್ಪಿಲ್ಲ. ಅಮ್ಮನಿಗೆ ಇಲ್ಲದ್ದು ನಮಗೂ ಬೇಡ."

ಮಾತು ದೊಡ್ಡದು, ಒಪ್ಪುತ್ತೇನೆ. ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಅವತ್ತಿನ ಊಟ ಬಾಯಿಗಿಟ್ಟಾಗ ಇನ್ನೊಂದು ಸಲ ಬಂತು.

ಜಾಡಿ ಹೊತ್ತು ಹೋಗುವಾಗ ಮೆಟ್ಟಿಲ ಹತ್ತಿರ ಮೇಲ್ಮನೆಯ ಮೇಷ್ಟ್ರು ಎದುರಾದರಂತೆ. ಅವರು ನಿವೃತ್ತರಾಗಿ ಒಂಬತ್ತು ವರ್ಷವಾಗಿದೆ, ಆದರೂ ಸಿಕ್ಕವರಿಗೆಲ್ಲ ಪಾಠ ಹೇಳುವ ಚಾಳಿ ಹೋಗಿಲ್ಲ. "ಅಲ್ಲಯ್ಯ, ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನೋ ಗಾದೆ ಕೇಳಿಲ್ವೇನು?" ಎಂದರಂತೆ. ಅದಕ್ಕೆ ಇವರು, "ಗಾದೆಯ ಎರಡನೇ ಅರ್ಧಕ್ಕೋಸ್ಕರ ಮೊದಲನೇ ಅರ್ಧ ಬಿಟ್ಟಿದೀನಿ ಮೇಷ್ಟ್ರೇ" ಎಂದು ಹೇಳಿ ಮುಂದೆ ನಡೆದರಂತೆ. ಈ ಉತ್ತರವನ್ನು ಆ ವಾರದಲ್ಲಿ ಇವರೇ ನನಗೆ ಆರು ಸಲ ಹೇಳಿದರು.

ಎರಡನೆಯ ಆಜ್ಞೆಯೂ ಅವತ್ತೇ ಹೊರಟಿತು. ಅತ್ತೆ ಇನ್ನು ಅಡುಗೆಮನೆಗೆ ಕಾಲಿಡಕೂಡದು. ಬಿಸಿ, ಹೊಗೆ, ನಿಂತು ನಿಂತು ಸುಸ್ತು, ಒಂದೂ ಬೇಡ. ರಾಣಿಯ ಹಾಗೆ ಕೂತಿರಬೇಕು.

"ಆಯ್ತಪ್ಪ" ಎಂದರು ಅತ್ತೆ.

ನಲವತ್ತು ವರ್ಷ ಆ ಮಗನಿಗೆ ಬೇಯಿಸಿ ಹಾಕಿದ ಕೈ ಅದು. ಈಚೆಗೆ ಸ್ವಲ್ಪ ನಡುಗುತ್ತದೆ, ಸೂಜಿಗೆ ದಾರ ಹಾಕಲು ನನ್ನನ್ನು ಕರೆಯುತ್ತಾರೆ, ಆದರೆ ಸೌಟು ಕೊಟ್ಟರೆ ಇವತ್ತಿಗೂ ನನ್ನನ್ನು ಮೂಲೆಗೆ ಕೂರಿಸಬಲ್ಲರು. ಈಗ ಅಡುಗೆಮನೆಯ ಬಾಗಿಲಾಚೆ ಕುರ್ಚಿ ಹಾಕಿಕೊಂಡು ಕೂತು ನಾನು ಬೀನ್ಸ್ ಹೆಚ್ಚುವುದನ್ನು ನೋಡುತ್ತಿದ್ದರು. ಇನ್ನೂ ಸ್ವಲ್ಪ ಸಣ್ಣಗೆ ಎನ್ನಲು ಬಾಯಿ ತೆರೆಯುವುದು, ಮತ್ತೆ ಮುಚ್ಚುವುದು. ಮಗನ ಮುಂದೆ ನಾನೂ ಬಾಯಿ ತೆರೆದು ಮುಚ್ಚುವವಳೇ.

ನಮ್ಮ ಮನೆಯ ಗಡಿಯಾರ ಹೀಗೆ. ನಾನು ಬೇಕರಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ಐದಕ್ಕೆ ಎದ್ದು ಬೇಯಿಸಿ, ಇವರ ಊಟದ ಡಬ್ಬಿ ತುಂಬಿಟ್ಟು ಆರೂವರೆಗೆ ಮನೆ ಬಿಟ್ಟರೆ ಮತ್ತೆ ಬರುವುದು ಮಧ್ಯಾಹ್ನ ಮೂರಕ್ಕೆ. ಸಂಜೆಯ ಊಟಕ್ಕೆ ಬೇಕರಿಯ ಬ್ರೆಡ್ಡು, ಹಾಲು, ಹಣ್ಣು. ಬ್ರೆಡ್ಡಿಗೂ ಉಪ್ಪು ಹಾಕುತ್ತಾರೆಂಬುದು ನಮ್ಮ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಇವರು ಎಂಟು ಗಂಟೆಗೆ ಸ್ನಾನಕ್ಕೆ ಹೋಗಿ ಎಂಟು ಹನ್ನೊಂದಕ್ಕೆ ಹೊರಗೆ ಬರುತ್ತಾರೆ. ಹನ್ನೆರಡಾದದ್ದು ನನಗೆ ನೆನಪಿಲ್ಲ. ಆಮೇಲೆ ತಾವೇ ಚಹಾ ಕಾಯಿಸಿಕೊಂಡು, ಡಬ್ಬಿ ಹಿಡಿದು ಒಂಬತ್ತಕ್ಕೆ ಆಫೀಸಿಗೆ ಹೊರಡುತ್ತಾರೆ.

ಆಫೀಸೆಂದರೆ ಬಸ್ ನಿಲ್ದಾಣದಲ್ಲಿ, ಕಳೆದುಹೋದ ಸಾಮಾನುಗಳ ಕೊಠಡಿ. ಜನ ಬಸ್ಸಿನಲ್ಲಿ ಮರೆತದ್ದನ್ನೆಲ್ಲ ಇವರು ರಿಜಿಸ್ಟರಿಗೆ ಏರಿಸುತ್ತಾರೆ. ಛತ್ರಿ, ಕಪ್ಪು, ಒಂದು ಕಡ್ಡಿ ಮುರಿದಿದೆ, ವಾರಸುದಾರರು ಬಂದಿಲ್ಲ. ಹಲ್ಲಿನ ಸೆಟ್ಟು, ಮೇಲಿನದು ಮಾತ್ರ, ವಾರಸುದಾರರು ಬಂದಿಲ್ಲ. ಹದಿನೇಳು ವರ್ಷ ಈ ಕೆಲಸ ಮಾಡಿದವರು ಮನೆಯಲ್ಲಿ ಟೊಮೆಟೊ ಕೊಳೆತರೂ ಅದು ಯಾರದು, ಯಾವಾಗ ಬಂತು ಎಂದೇ ಕೇಳುತ್ತಾರೆ.

ಉಪ್ಪು ಬಿಟ್ಟ ಮೊದಲ ನಾಲ್ಕು ದಿನ ಡಬ್ಬಿ ಅರ್ಧ ತುಂಬಿಕೊಂಡೇ ವಾಪಸು ಬಂತು. ಇವರ ಮುಖ ಹರಳೆಣ್ಣೆ ಕುಡಿದವರ ಹಾಗಿತ್ತು, ಆದರೂ ಜಗ್ಗಲಿಲ್ಲ. ಐದನೆಯ ದಿನ ಡಬ್ಬಿ ತೊಳೆದಿಟ್ಟಷ್ಟು ಖಾಲಿಯಾಗಿ ಬಂತು. ಜೊತೆಗೆ ಉಪನ್ಯಾಸವೂ ಬಂತು.

"ನೋಡಿದ್ಯಾ? ನಾಲಿಗೆ ಅನ್ನೋದು ಬರೀ ಅಭ್ಯಾಸ ಕಣೇ. ನಾಲ್ಕೇ ದಿನಕ್ಕೆ ಶುದ್ಧ ಆಗೋಯ್ತು. ಈಗ ತರಕಾರಿಯ ಒಳಗಿರೋ ಸ್ವಂತ ಉಪ್ಪೇ ನನಗೆ ಸಿಗುತ್ತೆ. ಬೀನ್ಸಲ್ಲಿ ಎಷ್ಟು, ಆಲೂಗಡ್ಡೇಲಿ ಎಷ್ಟು, ಬಾಯಿಗಿಟ್ಟ ತಕ್ಷಣ ಹೇಳಿಬಿಡ್ತೀನಿ."

ಮನೆಯಲ್ಲಿ ಹೇಳಿಕೊಂಡಿದ್ದರೆ ಮುಗಿಯುತ್ತಿತ್ತು. ಬಸ್ ನಿಲ್ದಾಣದಲ್ಲೆಲ್ಲ ಶುದ್ಧ ನಾಲಿಗೆಯ ಪ್ರಚಾರ ಶುರುವಾಯಿತು. ಟಿಕೆಟ್ ಕೌಂಟರಿನವರು, ಡ್ರೈವರುಗಳು, ಗುಡಿಸುವವರು, ಯಾರನ್ನೂ ಬಿಡಲಿಲ್ಲ. ಒಬ್ಬ ಕಂಡಕ್ಟರು ಇವರ ಮಾತು ನಂಬಿ ಉಪ್ಪು ಬಿಟ್ಟು, ಎರಡೇ ದಿನಕ್ಕೆ ಹೆಂಡತಿಯ ಜೊತೆ ಮಾತೂ ಬಿಟ್ಟರಂತೆ. ನಾನಾದರೂ ಏನು ಕಮ್ಮಿ? ಉಪ್ಪಿಲ್ಲದೆಯೂ ಡಬ್ಬಿ ಖಾಲಿ ಮಾಡಿಸುವ ಕೈಗುಣ ನನ್ನದೆಂದು ಬೀಗಿದೆ. ವಿಚಿತ್ರವೆಂದರೆ ಆ ಕೈಗುಣ ರಜೆಯ ದಿನ ಕೈಕೊಡುತ್ತಿತ್ತು. ಮನೆಯಲ್ಲಿ ಕೂತು ಉಂಡಾಗ ಇವರು ಎರಡು ತುತ್ತಿಗೇ ತಟ್ಟೆ ಸರಿಸಿ, "ಇವತ್ತು ನಿನಗೆ ಸುಸ್ತು ಅನ್ಸುತ್ತೆ, ಪಾಪ" ಎನ್ನುತ್ತಿದ್ದರು.

ಹೀಗಿರುವಾಗ ಸಿಲಿಂಡರ್ ತಂದವನು ಒಂದು ಕಾರ್ಡು ಕೊಟ್ಟುಹೋದ. ಅದರಲ್ಲಿ ಎರಡು ಜ್ವಾಲೆಯ ಚಿತ್ರ. ನೀಲಿಯದರ ಕೆಳಗೆ 'ಕ್ಷೇಮ' ಎಂದಿತ್ತು. ಹಳದಿಯದರ ಕೆಳಗೆ, ಗ್ಯಾಸು ಸರಿಯಾಗಿ ಉರಿಯುತ್ತಿಲ್ಲ, ಬಣ್ಣವೂ ವಾಸನೆಯೂ ಇಲ್ಲದ ವಿಷಗಾಳಿ ಹುಟ್ಟಬಹುದು, ಒಲೆ ಆರಿಸಿ, ಕಿಟಕಿ ತೆರೆಯಿರಿ, ನಮಗೆ ತಿಳಿಸಿ ಎಂದಿತ್ತು. ಇವರು ಅದನ್ನು ಅಮ್ಮನಿಗೆ ಮೂರು ಸಲ ಗಟ್ಟಿಯಾಗಿ ಓದಿ ಹೇಳಿ, ಒಲೆಯ ಹಿಂದಿನ ಗೋಡೆಗೆ ಅಂಟಿಸಿದರು. ಅಲ್ಲಿಯವರೆಗೆ ಇವರು ಉರಿಯ ಬಣ್ಣವನ್ನು ಗಮನಿಸಿದ್ದೇ ಇಲ್ಲ.

ಮಾರನೆಯ ಬೆಳಗ್ಗೆ ಎಂಟೂಕಾಲಿಗೆ ಬೇಕರಿಯ ಫೋನು ಬಡಿದುಕೊಂಡಿತು.

"ತಕ್ಷಣ ಮನೆಯಿಂದ ಹೊರಗೆ ಬಾ!"

"ರೀ, ನಾನು ಬೇಕರೀಲಿದೀನಿ."

"ಹಾಗಾದ್ರೆ ಅಲ್ಲೇ ಇರು! ಉರಿ ಹಳದಿ ಆಗಿದೆ!"

ಚಹಾಕ್ಕೆಂದು ಸಣ್ಣ ಬರ್ನರ್ ಹಚ್ಚಿದರೆ ಉರಿ ಎದ್ದದ್ದು ಅರಿಶಿನದ ಬಣ್ಣದಲ್ಲಂತೆ, ಜೊತೆಗೆ ಚಟಪಟ ಸದ್ದು ಬೇರೆ. ಇವರು ಒಲೆ ಆರಿಸಿ, ಸಿಲಿಂಡರಿನ ತಿರುಪು ಮುಚ್ಚಿ, ಮನೆಯ ಅಷ್ಟೂ ಕಿಟಕಿ ತೆರೆದರು. ಇಲ್ಲಿಯವರೆಗೆ ಸರಿಯೇ. ಆಮೇಲೆ ಅಮ್ಮನನ್ನು ಕಂಬಳಿ ಸುತ್ತಿ ಬೀದಿಗೆ ಕರೆತಂದು ಗೇಟಿನ ಹತ್ತಿರ ನಿಲ್ಲಿಸಿ, "ಜೋರಾಗಿ ಉಸಿರು ಬಿಡಮ್ಮ, ಒಳಗೆ ಹೋಗಿರೋದೆಲ್ಲ ಹೊರಗೆ ಬರ್ಲಿ" ಎಂದರಂತೆ. ಪೇಪರ್ ಹಾಕುವವನು, ಹಾಲಿನವನು, ಎದುರುಮನೆ ಅಕ್ಕ ಎಲ್ಲರೂ ಸುತ್ತ ನಿಂತು ಅತ್ತೆ ಉಸಿರು ಬಿಡುವುದನ್ನು ನೋಡಿದರಂತೆ.

"ಏನೂ ಆಗಿಲ್ಲ ಕಣೋ" ಎಂದು ಅತ್ತೆ ಗೋಗರೆಯುತ್ತಿದ್ದರಂತೆ. "ಒಂಚೂರು ಒರೆಸಿದ್ರೆ ಸರಿಹೋಗುತ್ತೆ, ಬಿಡೋ."

"ನಿನಗೇನಮ್ಮ ಗೊತ್ತು ಬೆಂಕಿ ವಿಷಯ!" ಎಂದರಂತೆ, ನಲವತ್ತು ವರ್ಷ ಬೆಂಕಿಯ ಮುಂದೆ ನಿಂತವರಿಗೆ.

ಒಲೆ ರಿಪೇರಿಯವನು ಬಂದ. ಬರ್ನರ್ ಬಿಚ್ಚಿ, ತಂತಿಯ ಬ್ರಶ್ಶಿನಲ್ಲಿ ಉಜ್ಜಿ, ತೂತುಗಳಿಗೆಲ್ಲ ಪಿನ್ನು ಹಾಕಿ, ಊದಿ ಹಚ್ಚಿದ. ಆಕಾಶದಂಥ ನೀಲಿ. "ಏನೋ ಕಸ ಇತ್ತು ಸಾರ್" ಎಂದು ಹೋದ. ಮಾರನೆಯ ದಿನ ಎಂಟೂಕಾಲಿಗೆ ಮತ್ತೆ ಅರಿಶಿನ, ಮತ್ತೆ ಚಟಪಟ. ಅವನು ಮತ್ತೆ ಬಂದು ಉಜ್ಜಿದ. ಮತ್ತೆ ನೀಲಿ. ಮರುದಿನ ಮತ್ತೆ ಹಳದಿ. ಹೊಸ ಬರ್ನರನ್ನೇ ಹಾಕಿದ. ಅದೂ ಒಂದೇ ರಾತ್ರಿ ನೀಲಿಯಾಗಿತ್ತು. ನಾನು ಬೆಳಗ್ಗೆ ಐದೂವರೆಗೆ ಅದೇ ಒಲೆಯಲ್ಲಿ ಬೇಯಿಸುವಾಗ ಬಣ್ಣ ಸರಿಯಾಗಿಯೇ ಇರುತ್ತಿತ್ತು. ಹಾಗೆಂದು ಹೇಳಿದರೆ ಇವರು, "ನಿನಗೆ ನಿದ್ದೆಗಣ್ಣು" ಎಂದು ತಳ್ಳಿಹಾಕಿದರು.

ಐದನೆಯ ದಿನ ರಿಪೇರಿಯವನು ಕೈಮುಗಿದುಬಿಟ್ಟ.

"ಸಾರ್, ಹನ್ನೆರಡು ವರ್ಷದಿಂದ ಒಲೆ ಬಿಚ್ತಿದೀನಿ. ಗಾಳಿ ಸಾಲದೆ ಉರಿ ಹಳದಿ ಆದ್ರೆ ಪಾತ್ರೆ ತಳಕ್ಕೆ ಮಸಿ ಹಿಡೀಬೇಕು. ನಿಮ್ಮ ಪಾತ್ರೇಲಿ ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು. ದೊಡ್ಡ ಬರ್ನರ್ ನೀಲಿ, ಸಣ್ಣದೊಂದೇ ಹಳದಿ, ಅದೂ ಬೆಳಗ್ಗೆ ಎಂಟೂಕಾಲಿಗೇ. ನಿಮ್ಮ ಸಣ್ಣ ಒಲೆಗೆ ಕಾಮಾಲೆ ಬಂದಿದೆ ಸಾರ್. ಇದು ನನ್ನ ಕೈಲಾಗೋ ಕೆಲಸ ಅಲ್ಲ."

ಇವರು ಹೊಸ ರಿಜಿಸ್ಟರ್ ತೆರೆದರು. 'ಬೆಳಗ್ಗೆ 8.14. ಜ್ವಾಲೆ, ಹಳದಿ, ಸದ್ದು ಇದೆ. ವಾರಸುದಾರರು ಬಂದಿಲ್ಲ.' ಹೀಗೆ ಒಂದು ಪುಟ. ಅದರ ನಕಲು ಮಾಡಿ ಗ್ಯಾಸ್ ಕಚೇರಿಗೆ ಒಂದು ದೂರು ಬರೆದರು. ದೂರಿನ ಇನ್ನೊಂದು ಪ್ರತಿ ಬಸ್ ನಿಲ್ದಾಣದ ಮ್ಯಾನೇಜರಿಗೆ ಹೋಯಿತು. ಅವರಿಗೇಕೆ ಎಂದು ಕೇಳಿದೆ. "ಯಾವ ಕಾಗದ ಬರೆದ್ರೂ ಒಂದು ಪ್ರತಿ ಅವರಿಗೆ ಹೋಗ್ಬೇಕು, ಅದು ಪದ್ಧತಿ" ಎಂದರು. ಮ್ಯಾನೇಜರು ಅದನ್ನು ಓದಿ ಗಾಬರಿಯಾಗಿ ನಿಲ್ದಾಣದ ಕ್ಯಾಂಟೀನಿನ ಒಲೆಗಳನ್ನು ಒಂದು ದಿನ ಆರಿಸಿಟ್ಟರಂತೆ.

ಗ್ಯಾಸ್ ಕಚೇರಿಯಿಂದ, ಸೋಮವಾರ ಒಂಬತ್ತೂವರೆಗೆ ಪರೀಕ್ಷಕರು ಬರುತ್ತಾರೆ ಎಂಬ ಉತ್ತರ ಬಂತು. ಆದರೆ ಇವರಿಗೆ ಅಷ್ಟಕ್ಕೆ ನೆಮ್ಮದಿಯಿಲ್ಲ. ಸೋಮವಾರ ಹನ್ನೊಂದರ ಬಸ್ಸಿಗೆ ಅಮ್ಮನನ್ನು ಬೇರೆ ಊರಲ್ಲಿರುವ ಇವರ ಅಕ್ಕನ ಮನೆಗೆ ಕಳಿಸಿಬಿಡುವುದೆಂದು ತೀರ್ಮಾನವಾಯಿತು. ಎಷ್ಟು ದಿನಕ್ಕೆ? ಒಲೆ ಸರಿಹೋಗುವವರೆಗೆ. ಒಲೆ ಸರಿಹೋಗದಿದ್ದರೆ? ಇವರು ಬಸ್ಸಿನ ವೇಳಾಪಟ್ಟಿ ತೆಗೆದು ಓದತೊಡಗಿದರು.

ಭಾನುವಾರ ಸಂಜೆ ಇವರೇ ಕೂತು ಅಮ್ಮನ ಬಟ್ಟೆ ಮಡಚಿ ಚೀಲಕ್ಕೆ ಹಾಕಿದರು. ಚೀಲದ ಹಿಡಿಗೆ ಆಫೀಸಿನ ರಟ್ಟಿನ ಚೀಟಿಯೊಂದನ್ನು ಕಟ್ಟುತ್ತಿದ್ದರು. ಬಗ್ಗಿ ನೋಡಿದೆ. 'ಚೀಲ, ಕಂದು, ಒಂದು. ವಾರಸುದಾರರು: ಮಗ.'

ನನಗೆ ನಗು ಬಂತು. ಆದರೆ ಇವರ ಮುಖ ನೋಡಿದ ಮೇಲೆ ನಗಲಿಲ್ಲ.

"ಇಡೀ ದಿನ ಜನ ಮರೆತು ಬಿಟ್ಟುಹೋದದ್ದನ್ನ ನೋಡ್ತೀನಿ ಕಣೇ" ಎಂದರು. "ಬಂದು ನಿಂತ್ಕೊಂಡು ಅಳ್ತಾರೆ. ಒಂದು ನಿಮಿಷ ಆ ಕಡೆ ನೋಡ್ದೆ ಸಾರ್, ಅಷ್ಟರಲ್ಲಿ ಹೋಯ್ತು ಅಂತಾರೆ. ನಾನು ಆ ಕಡೆ ನೋಡಲ್ಲ. ನನಗೆ ಅವಳೊಬ್ಬಳೇ ಅಮ್ಮ."

ಅಷ್ಟು ಹೊತ್ತು ಮನಸ್ಸಿನಲ್ಲೇ ಬೈಯುತ್ತಿದ್ದ ನನಗೆ ಈ ಪೆದ್ದು ಮನುಷ್ಯನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಹಾಗೆಂದು ಹೇಳಲಿಲ್ಲ, ಹೇಳಿದರೆ ಅದಕ್ಕೂ ಒಂದು ಚೀಟಿ ಕಟ್ಟಿಬಿಡುತ್ತಾರೆ.

ಅತ್ತೆ ಬಾಗಿಲಾಚೆಯ ಕುರ್ಚಿಯಲ್ಲೇ ಕೂತಿದ್ದರು. ಪಕ್ಕದಲ್ಲಿ ಹೋಗಿ ಕೂತೆ.

"ಹೋಗಲ್ಲ ಅಂತ ಹೇಳಿ ಅತ್ತೆ. ನೀವು ಹೇಳಿದ್ರೆ ಕೇಳ್ತಾರೆ."

"ಅವನು ಹೆದರಿದಾನೆ ಕಣೇ. ಹೆದರಿದೋರ ಹತ್ತಿರ ಏನು ಹೇಳೋದು?" ತಮ್ಮ ಕೈಗಳನ್ನು ನೋಡಿಕೊಂಡರು. "ಮಗಳ ಮನೇಲಿ ಎಲ್ಲಾ ಇದೆ. ಮಾಡೋಕೆ ಒಂದು ಕೆಲಸ ಇಲ್ಲ ಅಷ್ಟೆ. ಇಲ್ಲಾದ್ರೆ..." ಎಂದು ನಿಲ್ಲಿಸಿ, "ಅವನು ಮಧ್ಯಾಹ್ನ ಸರಿಯಾಗಿ ಉಣ್ಣೋ ಹಾಗೆ ನೋಡ್ಕೊಳಮ್ಮ" ಎಂದರು.

"ಡಬ್ಬಿ ಖಾಲಿಯಾಗೇ ಬರುತ್ತಲ್ಲ ಅತ್ತೆ" ಎಂದೆ, ತುಸು ಸಿಟ್ಟಿನಿಂದಲೇ.

"ಬರುತ್ತೆ ಬರುತ್ತೆ. ಯಾರು ಇಲ್ಲ ಅಂದ್ರು?" ಎಂದು ಅವರು ಕಣ್ಣು ತಪ್ಪಿಸಿದರು.

ಸೋಮವಾರ ನಾನು ರಜೆ ಹಾಕಿದೆ. ಎಂಟು ಗಂಟೆಗೆ ಇವರು ಸ್ನಾನಕ್ಕೆ ಹೋಗುತ್ತ, "ಪರೀಕ್ಷಕರು ಬೇಗ ಬಂದ್ರೂ ಬರಬಹುದು, ಗೇಟ್ ಹತ್ತಿರ ನಿಂತಿರು" ಎಂದರು. ನಿಂತೆ. ಹನ್ನೊಂದು ನಿಮಿಷದ ಮೇಲೆ ಮನೆಯಿಂದ ಕೂಗು ಕೇಳಿತು. ಓಡಿ ಬಂದರೆ ಎಂದಿನಂತೆ ಅರಿಶಿನ, ಎಂದಿನಂತೆ ಚಟಪಟ. ಒಲೆ ಆರಿತು, ಕಿಟಕಿಗಳು ತೆರೆದವು, ಕೂಗಿಗೆ ಮೇಲ್ಮನೆಯ ಮೇಷ್ಟ್ರೂ ಇಳಿದುಬಂದರು.

ಇವತ್ತು ಅಮ್ಮನನ್ನು ಬೀದಿಗೆ ಕರೆದೊಯ್ಯುವಂತಿಲ್ಲ, ಹೊರಗೆ ಚಳಿಗಾಳಿ. ಇವರಿಗೊಂದು ಉಪಾಯ ಹೊಳೆಯಿತು. "ಗ್ಯಾಸು ಗಾಳಿಗಿಂತ ಭಾರ. ಕೆಳಗೆ ಕೂರುತ್ತೆ. ಅಮ್ಮನ್ನ ಮೇಲಿಡ್ಬೇಕು." ಊಟದ ಮೇಜಿನ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಅತ್ತೆ. ಅವರ ತಲೆ ದೀಪಕ್ಕೆ ತಾಗುವಂತಾಯಿತು.

"ತಪ್ಪು, ತಪ್ಪು" ಎಂದರು ಮೇಷ್ಟ್ರು. "ಬಿಸಿಗಾಳಿ ಮೇಲಕ್ಕೆ ಹೋಗುತ್ತೆ. ಇದು ಒಲೆಯಿಂದ ಬಂದ ಬಿಸಿಗಾಳಿ. ಇಳಿಸಯ್ಯ ಕೆಳಗೆ."

ಇಳಿಸಿದರು. ಇವರಿಗೆ ಮತ್ತೆ ಅನುಮಾನ. ಏರಿಸಿದರು. ಮೇಷ್ಟ್ರು ಮೂರನೆಯ ತರಗತಿಯ ಪುಸ್ತಕದಿಂದ ಉದಾಹರಣೆ ಕೊಟ್ಟರು. ಅರ್ಧ ಇಳಿಸಿದರು.

"ಲೋ, ಒಂದು ಕಡೆ ಇಡ್ರೋ ನನ್ನ!" ಎಂದರು ಅತ್ತೆ. ಆದದ್ದಾಗಲಿ ಎಂದು ಮೇಜಿನ ಮೇಲೆಯೇ ಉಳಿಸಿದರು.

ಒಂಬತ್ತೂವರೆಗೆ ಸರಿಯಾಗಿ ಪರೀಕ್ಷಕರು ಬಂದರು. ನಡುವಯಸ್ಸಿನ ಹೆಂಗಸು, ನೀಲಿ ಕೋಟು, ಕೈಯಲ್ಲಿ ಉಪಕರಣದ ಪೆಟ್ಟಿಗೆ. ಮೇಜಿನ ಮೇಲೆ ಕೂತ ಅತ್ತೆಯನ್ನು ಒಂದು ಕ್ಷಣ ನೋಡಿ, ಇಂಥದ್ದನ್ನೆಲ್ಲ ಎಷ್ಟೋ ಕಂಡವರ ಹಾಗೆ "ನಮಸ್ಕಾರ ಅಮ್ಮ" ಎಂದರು.

"ನಮಸ್ಕಾರ ತಾಯಿ" ಎಂದರು ಅತ್ತೆ ಮೇಲಿನಿಂದ.

ಪರೀಕ್ಷಕರು ಬಂದ ಸುದ್ದಿಗೆ ಎದುರುಮನೆ ಅಕ್ಕ ಕೂಡ ಬಂದು ಬಾಗಿಲಲ್ಲಿ ನಿಂತರು. ಮೇಡಂ ಯಾವುದಕ್ಕೂ ಅವಸರಪಡಲಿಲ್ಲ. ಕೊಳವೆಗೆ ಸೋಪಿನ ನೊರೆ ಹಚ್ಚಿ ಸೋರಿಕೆ ನೋಡಿದರು. ಪಾತ್ರೆಗಳ ತಳ ತಿರುಗಿಸಿ ನೋಡಿದರು. ದೊಡ್ಡ ಬರ್ನರ್ ಹಚ್ಚಿದರು, ನೀಲಿ. ಸಣ್ಣದು ಹಚ್ಚಿದರು, ಹಳದಿ. ಇವರು "ಬರ್ಕೊಳಿ, ಬರ್ಕೊಳಿ" ಎಂದು ಕುಣಿದಾಡಿದರು. ಮೇಡಂ ಒಲೆ ಆರಿಸಿ, ತಣ್ಣಗಾದ ಮೇಲೆ ಬರ್ನರಿನ ಮುಚ್ಚಳ ತೆಗೆದು ಅಂಗೈ ಮೇಲೆ ತಟ್ಟಿದರು. ನಾಲ್ಕಾರು ಬಿಳಿಯ ಹರಳು ಬಿದ್ದವು. ಮುಚ್ಚಳ ಹಾಕಿ, ದೊಡ್ಡ ಬರ್ನರ್ ಹಚ್ಚಿ, ಆ ನೀಲಿ ಉರಿಯ ಮೇಲೆ ಎರಡು ಹರಳು ಉದುರಿಸಿದರು. ಚಟ್ ಎಂದಿತು. ನೀಲಿಯೊಳಗಿಂದ ಹಳದಿ ಭುಗ್ಗೆಂದು ಎದ್ದಿತು.

"ಇದು ಉಪ್ಪು" ಎಂದರು. "ಉಪ್ಪು ಬಿದ್ದ ಉರಿ ಹಳದಿ ಆಗುತ್ತೆ. ಇದರಿಂದ ವಿಷ ಬರಲ್ಲ. ಆದ್ರೆ ನೋಡಿದ ತಕ್ಷಣ ಯಾವ ಹಳದಿ ಅಂತ ಗೊತ್ತಾಗಲ್ಲ. ಹಾಗಾಗಿ ಒಲೆ ಆರಿಸಿದ್ರಿ, ಕಿಟಕಿ ತೆಗೆದ್ರಿ, ನಮ್ಮನ್ನ ಕರೆದ್ರಿ, ಮೂರೂ ಸರ್ಯಾಗೇ ಮಾಡಿದ್ರಿ. ಸೋರಿದ ಗ್ಯಾಸು ಕೆಳಗೆ ಕೂರುತ್ತೆ, ಅದಕ್ಕೆ ವಾಸನೆ ಇದೆ. ಕಾರ್ಡಲ್ಲಿರೋ ವಿಷಗಾಳಿಗೆ ವಾಸನೆ ಇಲ್ಲ, ಅದು ಕೋಣೆ ತುಂಬಾ ಬೆರೆಯುತ್ತೆ. ಅಲ್ಲಿಗೆ ಅಮ್ಮನ್ನ ಎಲ್ಲಿ ಕೂರಿಸಿದ್ರೂ ಒಂದೇ. ಸರಿ, ಒಲೆ ಮೇಲೆ ಉಪ್ಪು ಚೆಲ್ತಿರೋದು ಯಾರು?"

"ಸಾಧ್ಯವೇ ಇಲ್ಲ" ಎಂದರು ಇವರು ಎದೆಯುಬ್ಬಿಸಿ. "ನಮ್ಮ ಮನೇಲಿ ಉಪ್ಪೇ ಇಲ್ಲ ಮೇಡಂ. ಮೂರು ವಾರ ಆಯ್ತು."

ಬಾಗಿಲಲ್ಲಿದ್ದ ಎದುರುಮನೆ ಅಕ್ಕ ಸೂರು ನೋಡತೊಡಗಿದರು. ಆಮೇಲೆ, ಯಾರೂ ಕೇಳದಿದ್ದರೂ, "ನಾನೇನು ದಿನಾ ಕೊಡ್ತಿರ್ಲಿಲ್ಲ, ಕೇಳಿದಾಗ ಒಂದೊಂದು ಹಿಡಿ ಅಷ್ಟೆ" ಎಂದುಬಿಟ್ಟರು.

ಎಲ್ಲರ ಕಣ್ಣೂ ಮೇಜಿನ ಮೇಲಕ್ಕೆ ಹೋದವು. ಅತ್ತೆ ಮಡಿಲಲ್ಲಿದ್ದ ಕನ್ನಡಕದ ಡಬ್ಬಿ ತೆರೆದು ತೋರಿಸಿದರು. ಕನ್ನಡಕ ಅವರ ಮೂಗಿನ ಮೇಲಿತ್ತು. ಡಬ್ಬಿಯಲ್ಲಿದ್ದದ್ದು ಕಲ್ಲುಪ್ಪು.

"ಹೌದು ಕಣೋ" ಎಂದರು. "ನಾನೇ. ಬಾಯಿ ಕಟ್ಟೋಕೆ ಆಗ್ಲಿಲ್ಲ. ನಾನೇ ತಿಂದೆ."

ಇವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಬೈಯುತ್ತಾರೆಂದುಕೊಂಡೆ, ಬೈಯಲಿಲ್ಲ. "ಯಾಕಮ್ಮ?" ಎಂದರು. "ನಿನಗೇನಾದ್ರೂ ಆದ್ರೆ ನಾನೇನು ಮಾಡ್ಲಿ? ಹೇಳು, ನಾನೇನು ಮಾಡ್ಲಿ?" ಅಷ್ಟು ದೊಡ್ಡ ಗಂಡಸು, ಪರೀಕ್ಷಕರ ಎದುರಿಗೇ, ಮುಖ ಮುಚ್ಚಿಕೊಂಡು ಅತ್ತರು. ಅತ್ತೆ ಮೇಲಿನಿಂದ ಕೈ ಚಾಚಿದರು, ಇವರ ತಲೆಗೆ ಎಟುಕಲಿಲ್ಲ.

ಮೇಷ್ಟ್ರು ಓಡಿಹೋಗಿ ತಮ್ಮ ಬಿಪಿ ನೋಡುವ ಯಂತ್ರ ತಂದರು. ಮೇಜಿನ ಪಕ್ಕ ಸ್ಟೂಲು ಹಾಕಿಕೊಂಡು ಹತ್ತಿ ಅತ್ತೆಯ ತೋಳಿಗೆ ಪಟ್ಟಿ ಸುತ್ತಿದರು. "ನೂರ ಇಪ್ಪತ್ತೆಂಟು! ಇದು ಉಪ್ಪು ತಿಂದೋರ ಲೆಕ್ಕ ಅಲ್ವಲ್ಲಯ್ಯ" ಎಂದು, ಅದೇ ಪಟ್ಟಿಯನ್ನು ಇವರಿಗೆ ಸುತ್ತಿದರು. "ನೂರ ಐವತ್ತೆಂಟು! ಡಾಕ್ಟರ ಚೀಟಿ ಯಾರ ಹೆಸರಲ್ಲಿದೆ? ಕೊಡಿಲ್ಲಿ." ಮೂರು ವಾರದಿಂದ ಜೇಬಿನಲ್ಲೇ ಮಡಚಿ ಕೂತಿದ್ದ ಚೀಟಿ ಹೊರಬಂತು. ಹೆಸರು ಅತ್ತೆಯದೇ. ಮೇಷ್ಟ್ರು ತರಗತಿಗೆ ಓದುವ ದನಿಯಲ್ಲಿ ಓದಿದರು. "ಉಪ್ಪು ಸ್ವಲ್ಪ ಕಡಿಮೆ ಮಾಡಿ. ಸುಮ್ಮನೆ ಕೂರಬೇಡಿ. ಮನೆಕೆಲಸ, ಓಡಾಟ ಇರಲಿ."

ನನ್ನ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕದಲ್ಲಿ ಸಣ್ಣ ಬಾಣಲೆಯೊಂದನ್ನು ತೊಳೆದು ಬೋರಲು ಹಾಕಿತ್ತು. ನಾನು ಹಾಕಿದ್ದಲ್ಲ. ತಮಗೆ ಉಪ್ಪು ಬೇಕಾದವರು ತಟ್ಟೆಗೆ ಉದುರಿಸಿಕೊಂಡು ತಿನ್ನುತ್ತಾರೆ. ಒಲೆ ಹಚ್ಚುವುದು ಇನ್ನೊಬ್ಬರಿಗಾಗಿ.

ಮೇಜಿನ ತುದಿಯಲ್ಲಿ ಇವರ ಊಟದ ಡಬ್ಬಿ ಇತ್ತು. ಅಮ್ಮನನ್ನು ಬಸ್ಸು ಹತ್ತಿಸಿ ಹಾಗೇ ಆಫೀಸಿಗೆ ಹೋಗುವವರಿದ್ದರು. ಬೆಳಗ್ಗೆ ನಾನೇ ತುಂಬಿಟ್ಟ ಡಬ್ಬಿ ಅದು. ಮುಚ್ಚಳ ತೆಗೆದು ಬೀನ್ಸಿನ ಒಂದು ಚೂರು ಬಾಯಿಗಿಟ್ಟೆ. ಆಮೇಲೆ ಚಮಚದಲ್ಲಿ ಅದನ್ನೇ ತೆಗೆದು ಇವರ ಬಾಯಿಗೆ ಹಿಡಿದೆ.

"ಹೇಗಿದೆ?"

ಅಳುವಿನ ನಡುವೆಯೇ ಅಗಿದರು. "ದಿನಾ ಇರೋ ಹಾಗೇ ಇದೆ."

ಬೆಳಗ್ಗೆ ಬೇಯಿಸಿದ ಪಾತ್ರೆಯಲ್ಲಿ ಉಳಿದಿದ್ದ ಅದೇ ಬೀನ್ಸನ್ನು ಇನ್ನೊಂದು ಚಮಚ ಹಿಡಿದೆ. ಬಾಯಿಗಿಟ್ಟರು. ಮೊದಲ ನಾಲ್ಕು ದಿನದ ಹರಳೆಣ್ಣೆ ಮುಖ ತಿರುಗಿ ಬಂತು. ಪಾತ್ರೆ ನೋಡಿದರು. ಡಬ್ಬಿ ನೋಡಿದರು. ಕೊನೆಗೆ ತಲೆಯೆತ್ತಿ ಅಮ್ಮನನ್ನು ನೋಡಿದರು.

"ನಿನ್ನ ಸ್ನಾನದ ಹೊತ್ತಲ್ಲಿ ಬಿಸಿ ಮಾಡಿ ಹಾಕ್ತಿದ್ದೆ" ಎಂದರು ಅತ್ತೆ, ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನ ಹಾಗೆ. "ಹಾಗೇ ಉದುರಿಸಿದ್ರೆ ಹಲ್ಲಿಗೆ ಸಿಗುತ್ತೆ, ನಿನಗೆ ಗೊತ್ತಾಗಿಬಿಡುತ್ತೆ. ಕೈ ನಡುಗುತ್ತಲ್ಲ, ನಾಲ್ಕು ಹರಳು ಆ ಕಡೆ ಈ ಕಡೆ ಬೀಳ್ತಿತ್ತು. ನಾಲ್ಕು ದಿನ ಡಬ್ಬಿ ಅರ್ಧ ಹಾಗೇ ಬಂತಲ್ಲೋ. ನೋಡ್ಕೊಂಡು ಹೇಗೆ ಕೂರ್ಲಿ? ನನ್ನಾಣೆ, ನನ್ನ ತಟ್ಟೆಗೆ ಒಂದು ಹರಳೂ ಹಾಕ್ಕೊಂಡಿಲ್ಲ."

"ಹಾಗಾದ್ರೆ ತಿಂದೆ ಅಂತ ಯಾಕಮ್ಮ ಸುಳ್ಳು ಹೇಳ್ದೆ?"

"ಊರೆಲ್ಲ ನಾಲಿಗೆ ಶುದ್ಧ ಆಯ್ತು ಅಂತ ಹೇಳ್ಕೊಂಡು ಬಂದಿದೀಯ. ಇಷ್ಟು ಜನರ ಮುಂದೆ ನಿನ್ನ ಮರ್ಯಾದೆ ಏನಾಗ್ಬೇಕು? ನಾನು ಮುದುಕಿ, ನನಗೇನು, ಕಳ್ಳಿ ಅಂದ್ರೆ ಅನ್ನಲಿ."

ಎದುರುಮನೆ ಅಕ್ಕ ಮೂಗು ಒರೆಸಿಕೊಂಡರು. ಮೇಷ್ಟ್ರು ಪಟ್ಟಿ ಬಿಚ್ಚುವುದನ್ನು ಮರೆತು ನಿಂತಿದ್ದರು. ನನ್ನ ಕೈಗುಣದ ಜಂಭವೂ ಅವತ್ತೇ ಇಳಿಯಿತು, ಆದರೆ ಆ ಹೊತ್ತಿಗೆ ನನಗೆ ಅದು ನೆನಪೇ ಆಗಲಿಲ್ಲ. ನಾನು ಅತ್ತೆಯ ನಡುಗುವ ಬೆರಳುಗಳನ್ನೇ ನೋಡುತ್ತಿದ್ದೆ.

ಮೇಡಂ ಮಾತ್ರ ತಮ್ಮ ಕೆಲಸ ಬಿಡಲಿಲ್ಲ. ಕಾಗದ ತೆಗೆದು, "ದೋಷದ ಕಾರಣ ಏನು ಬರೀಲಿ ಸಾರ್?" ಎಂದು ಕೇಳಿದರು.

ಇವರು ನೆಲದ ಮೇಲೆ ಕೂತಲ್ಲೇ ಡಬ್ಬಿಯನ್ನು ಮಡಿಲಿಗೆಳೆದುಕೊಂಡು, ಬೆಳಗಿನ ಹತ್ತು ಗಂಟೆಗೆ, ತುತ್ತಿನ ಮೇಲೆ ತುತ್ತು ಮಧ್ಯಾಹ್ನದ ಊಟ ಮಾಡುತ್ತಿದ್ದರು. ಕಣ್ಣೀರು ಸುರಿಯುತ್ತಲೇ ಇತ್ತು. ಮೇಡಂ 'ಒಲೆಯಲ್ಲಿ ದೋಷವಿಲ್ಲ' ಎಂದು ತಾವೇ ಬರೆದು ಸಹಿ ಹಾಕಿದರು.

"ನಿಧಾನ ಕಣೋ, ಗಂಟಲಿಗೆ ಸಿಗುತ್ತೆ" ಎಂದರು ಅತ್ತೆ ಮೇಲಿನಿಂದ. "ಎಲ್ಲಾ ಈಗಲೇ ತಿಂದ್ಬಿಟ್ರೆ ಮಧ್ಯಾಹ್ನಕ್ಕೆ ಏನು ಮಾಡ್ತೀಯ?"

ಇವರು ಖಾಲಿ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಅಮ್ಮನ ಕಡೆ ಚಾಚಿದರು.

"ಮಧ್ಯಾಹ್ನಕ್ಕೆ ನೀನೇ ಏನಾದ್ರೂ ಮಾಡಮ್ಮ."

ಅತ್ತೆ ನನ್ನ ಮುಖ ನೋಡಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ಖಾಲಿ ಬಿದ್ದಿದ್ದ ಅವರ ಕುರ್ಚಿಯನ್ನು ಎತ್ತಿ ಪಕ್ಕಕ್ಕಿಟ್ಟು ದಾರಿ ಬಿಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು, ತೋಳು ಮೇಲಕ್ಕೆ ಸರಿಸಿಕೊಂಡು, ಮೂರು ವಾರದಲ್ಲಿ ನಾನು ಕೇಳದಿದ್ದ ಗಟ್ಟಿ ದನಿಯಲ್ಲಿ ಹೇಳಿದರು.

"ಹಾಗಾದ್ರೆ ಸುಮ್ನೆ ನೋಡ್ತಾ ಯಾಕೆ ನಿಂತಿದೀರಿ? ಯಾರಾದ್ರೂ ನನ್ನ ಕೆಳಗಿಳಿಸ್ರೋ!"